ದೋಸೆಗೆ ಐದು, ಸಪ್ಲೈಯರ್‌ಗೆ ಒಂದು

ಬೆಂಗಳೂರಿನ ನನ್ನ ವಯಸ್ಸಿನವರು ಅತಿ ಹೆಚ್ಚು ಬರೆಯೋದು ಏನನ್ನ ಅಂತ ಯಾರಾದ್ರೂ ಕೇಳಿದರೆ, ಹೋಟೆಲ್ ವಿಮರ್ಶೆ ಅಂತೀನಿ ನಾನು. ಕವಿತೆ ಬರೆಯೋರು ಕಡಿಮೆ, ಪುಸ್ತಕ ವಿಮರ್ಶೆ ಬರೆಯೋರು ಇನ್ನೂ ಕಡಿಮೆ. ಹೋಟೆಲ್ ವಿಮರ್ಶೆ ಮಾತ್ರ ಕೈ ತೊಳೆದು ಬರುವಷ್ಟರಲ್ಲಿ ಬರೆದು ಮುಗಿದಿರತ್ತೆ. ಇಷ್ಟು ಜನ ಬರೆಯುವ, ಇಷ್ಟು ಜನ ಓದುವ ಈ ಪ್ರಕಾರವನ್ನೇ ಒಮ್ಮೆ ವಿಮರ್ಶೆಗೆ ಕೂರಿಸೋಣ ಅಂತ ಈ ಬರಹ.

ಇದರ ವ್ಯಾಕರಣ ತುಂಬಾ ಸರಳ. ರುಚಿ, ಜಾಗ, ಬೆಲೆ, ಸರ್ವಿಸ್. ನಾಲ್ಕಕ್ಕೂ ಸೇರಿ ಐದು ಸ್ಟಾರ್. ರುಚಿ ಸೂಪರ್, ಪಾರ್ಕಿಂಗ್ ಇಲ್ಲ, ರೇಟು ಪರವಾಗಿಲ್ಲ, ಸರ್ವಿಸ್ ಸ್ಲೋ, ಸಪ್ಲೈಯರ್‌ಗೆ ಅಟಿಟ್ಯೂಡ್ ಜಾಸ್ತಿ. ನೂರು ವಿಮರ್ಶೆ ಓದಿದರೂ ಇದೇ ಸಾಲುಗಳು ಹಿಂದೆ ಮುಂದೆ ಆಗಿ ಬರ್ತಾ ಇರ್ತವೆ. ಇದರಲ್ಲಿ ಒಂದು ವಿಚಿತ್ರ ಇದೆ, ಗಮನಿಸಿ. ರುಚಿ, ಜಾಗ, ಬೆಲೆ ಈ ಮೂರೂ ವಸ್ತುಗಳ ಬಗ್ಗೆ. ನಾಲ್ಕನೆಯದು ಮಾತ್ರ ಮನುಷ್ಯನ ಬಗ್ಗೆ. ಸಾಂಬಾರ್ ಸಪ್ಪೆ ಅಂದರೆ ಸಾಂಬಾರಿಗೆ ಬೇಜಾರಾಗಲ್ಲ. ಸರ್ವಿಸ್ ಸ್ಲೋ ಅಂದರೆ ಒಬ್ಬ ನಿರ್ದಿಷ್ಟ ವ್ಯಕ್ತಿ ಮರುದಿನ ಉತ್ತರ ಕೊಡಬೇಕಾಗತ್ತೆ.

ಇನ್ನೂ ಒಂದು ವಿಚಿತ್ರ. ಈ ವಿಮರ್ಶೆಗಳಲ್ಲಿ ಎಲ್ಲಾ ಇರತ್ತೆ, ಎಷ್ಟು ಹೊತ್ತಿಗೆ ಹೋಗಿದ್ದರು ಅನ್ನೋದು ಮಾತ್ರ ಇರಲ್ಲ. ಭಾನುವಾರ ಬೆಳಗ್ಗೆ ಒಂಬತ್ತೂವರೆಗಾ? ವಾರದ ದಿನ ಮಧ್ಯಾಹ್ನ ಒಂದೂಕಾಲಿಗೆ, ಪಕ್ಕದ ನಾಲ್ಕು ಟೆಕ್ ಪಾರ್ಕುಗಳ ಗೇಟು ಒಟ್ಟಿಗೆ ತೆರೆದಾಗಲಾ? ನಮ್ಮ ಕೆಲಸದಲ್ಲಿ ಯಾರಾದ್ರೂ 'ಸಿಸ್ಟಮ್ ಸ್ಲೋ ಇದೆ' ಅಂತ ಬರೀ ಅಷ್ಟೇ ಬರೆದು ಟಿಕೆಟ್ ಹಾಕಿದರೆ ನಾವು ಏನ್ ಮಾಡ್ತೀವಿ? ಯಾವಾಗ, ಎಷ್ಟು ಲೋಡ್ ಇತ್ತು, ಯಾವ ಸರ್ವರ್ ಅಂತ ಕೇಳಿ ವಾಪಸ್ ಕಳಿಸ್ತೀವಿ. ಕಂಪ್ಯೂಟರ್ ಸರ್ವರ್‌ಗೆ ಕೊಡುವ ಈ ನ್ಯಾಯವನ್ನ ತಟ್ಟೆ ಹಿಡಿದು ಬರುವ ಸರ್ವರ್‌ಗೆ ಕೊಡೋದಕ್ಕೆ ನಮಗೆ ಯಾಕೋ ಹೊಳೆಯೋದೇ ಇಲ್ಲ.

ಲೋಡ್ ಅಂದೆನಲ್ಲ, ಅದರ ಲೆಕ್ಕ ನೋಡೋಣ. ಇದು ಹೊಸದೇನಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಟೆಲಿಫೋನ್ ಕಂಪನಿಯ ಕೆಲಸದಲ್ಲಿದ್ದ ಅಗ್ನರ್ ಎರ್ಲಾಂಗ್ 1909ರಲ್ಲೇ ಇದರ ಬಗ್ಗೆ ಬರೆದಿದ್ದ. ಕಾಲ್‌ಗಳು ಯಾವಾಗ ಬರ್ತವೆ ಅಂತ ಗೊತ್ತಿಲ್ಲದಾಗ ಎಷ್ಟು ಲೈನ್ ಬೇಕು ಅನ್ನೋದು ಅವನ ಪ್ರಶ್ನೆ. ಅಲ್ಲಿಂದ ಬೆಳೆದು ಬಂದ ಕ್ಯೂ ಗಣಿತವನ್ನ ಒಂದು ಸಣ್ಣ ದೋಸೆ ಕ್ಯಾಂಪಿಗೆ ಹಚ್ಚಿ ನೋಡಿ. ಒಬ್ಬರೇ ಭಟ್ಟರು. ಒಂದು ಆರ್ಡರಿಗೆ ಸರಾಸರಿ ಎರಡು ನಿಮಿಷ. ಅಂದರೆ ಗಂಟೆಗೆ 30 ಆರ್ಡರ್ ಅವರ ಶಕ್ತಿ. ಗಂಟೆಗೆ 15 ಆರ್ಡರ್ ಬಂದರೆ ನಿಮ್ಮ ಸರದಿಗೆ ಮುಂಚೆ ಸರಾಸರಿ ಎರಡು ನಿಮಿಷ ಕಾಯ್ತೀರಿ. 24 ಬಂದರೆ ಎಂಟು ನಿಮಿಷ. 27 ಬಂದರೆ ಹದಿನೆಂಟು ನಿಮಿಷ. ಅದರ ಮೇಲೆ ಗಂಟೆಗೆ ಇನ್ನೊಂದು ಒಂದೂವರೆ ಆರ್ಡರ್ ಹೆಚ್ಚಾಯ್ತು ಅನ್ನಿ, ಮೂವತ್ತೆಂಟು ನಿಮಿಷ!

ನಿಜವಾದ ಅಡುಗೆಮನೆ ಈ ಲೆಕ್ಕದಷ್ಟು ಸರಳ ಇರಲ್ಲ, ಕಾವಲಿ ದೊಡ್ಡದಿರತ್ತೆ, ಒಂದೇ ಸಲ ಹತ್ತು ದೋಸೆ ಹುಯ್ತಾರೆ. ಆದರೆ ಲೆಕ್ಕ ಹೇಳುವ ವಿಷಯ ಬದಲಾಗಲ್ಲ. ರಶ್ ತುದಿಗೆ ಬಂದಾಗ ನಾಲ್ಕು ಜನ ಜಾಸ್ತಿ ಬಂದರೆ ಕಾಯುವ ಹೊತ್ತು ನಾಲ್ಕು ಜನರಷ್ಟೇ ಏರಲ್ಲ, ಡಬಲ್ ಆಗಿಬಿಡತ್ತೆ. ಹದಿನೆಂಟು ನಿಮಿಷಕ್ಕೂ ಮೂವತ್ತೆಂಟು ನಿಮಿಷಕ್ಕೂ ನಡುವೆ ಭಟ್ಟರ ಕೈ ನಿಧಾನ ಆಗಿಲ್ಲ. ಸಪ್ಲೈಯರ್ ಅಂತೂ ಏನೂ ಮಾಡಿಲ್ಲ, ಮಾಡೋದಕ್ಕೆ ಏನೂ ಇಲ್ಲ. ಆದರೆ ಮೂವತ್ತೆಂಟನೇ ನಿಮಿಷದ ಸಿಟ್ಟನ್ನ ಎದುರಿಸೋನು ಅವನೇ. ಯಾಕಂದ್ರೆ ಭಟ್ಟರು ಗೋಡೆಯ ಹಿಂದೆ ಇದ್ದಾರೆ, ಮಾಲೀಕರು ಗಲ್ಲಾದ ಹಿಂದೆ ಇದ್ದಾರೆ, ನಮ್ಮ ಕಣ್ಣಿಗೆ ಕಾಣೋದು ಅವನೊಬ್ಬನ ಮುಖ.

ಈ ಮುಖದ ಹಿಂದಿನ ಕಥೆ ನನಗೆ ಸ್ವಲ್ಪ ಗೊತ್ತಾಗಿದ್ದು ಆಫೀಸ್ ಹತ್ತಿರದ ಒಂದು ಹೋಟೆಲಲ್ಲಿ. ಹೆಸರು ಬೇಡ. ಒಂದು ಸಂಜೆ ನಾಲ್ಕು ಗಂಟೆ, ಒಳಗೆ ನಾನು ಮತ್ತೆ ಪೇಪರ್ ಓದ್ತಿದ್ದ ಒಬ್ಬರು ಅಷ್ಟೇ. ಸಪ್ಲೈಯರ್ ಬಂದು 'ಏನ್ ಕೊಡ್ಲಿರೀ' ಅಂದ. ಆ 'ರೀ' ಎಳೆದ ರೀತಿಗೇ ನನಗೆ ಗೊತ್ತಾಯ್ತು.

'ಯಾ ಕಡೇದ್ರೀ ನೀವು?'

'ಮಾನ್ವಿ ಕಡೀರಿ. ನೀವ್ರೀ?'

'ಮಸರಕಲ್. ದೇವದುರ್ಗ ತಾಲೂಕು.'

'ಅಯ್ಯ, ಹಂಗಾದ್ರ ನಮ್ಮ ಬಾಜೂದೋರೇ ಬಿಡ್ರಿ ಅಣ್ಣಾರ!'

ರಾಯಚೂರು ಜಿಲ್ಲೆಯ ಹುಡುಗ ಬೆಂಗಳೂರಿನಲ್ಲಿ ಸಿಗೋದು ಆಶ್ಚರ್ಯ ಏನಲ್ಲ. ನಮ್ಮ ದೇವದುರ್ಗ ಗುಳೆ ಹೋಗೋರ ತಾಲೂಕು ಅಂತಲೇ ಪೇಪರಿನಲ್ಲಿ ಬರತ್ತೆ. ಕಟ್ಟಡದ ಕೆಲಸಕ್ಕೆ, ಇಟ್ಟಿಗೆ ಹೊರೋದಕ್ಕೆ, ಹೋಟೆಲಿಗೆ. ರಾಯಚೂರು, ಯಾದಗಿರಿ, ಕೊಪ್ಪಳದವರ ಜೊತೆಗೆ ಈಗ ಅಸ್ಸಾಮಿನವರು, ಒಡಿಶಾದವರು. ಒಂದೇ ಬಸ್ಸಿನಲ್ಲಿ ಬಂದವರಲ್ಲಿ ಒಬ್ಬನಿಗೆ ಬಿಇ ಆಗಿ ಕೊರಳಿಗೆ ಐಡಿ ಕಾರ್ಡ್ ಬಿದ್ದಿರತ್ತೆ, ಇನ್ನೊಬ್ಬನ ಹೆಗಲಿಗೆ ಟೇಬಲ್ ಒರೆಸುವ ಬಟ್ಟೆ. ಮಧ್ಯಾಹ್ನ ಒಂದೂಕಾಲಿಗೆ ಇಬ್ಬರೂ ಟೇಬಲ್ಲಿನ ಆಕಡೆ ಈಕಡೆ ಎದುರಾಗ್ತಾರೆ.

ಅವನನ್ನ ರಶ್ ಬಗ್ಗೆ ಕೇಳಿದೆ. ಅವನು ಹೇಳಿದ್ದು ನನ್ನ ಕ್ಯೂ ಲೆಕ್ಕದಲ್ಲಿ ಇಲ್ಲದ ಮಾತು. 'ಅಣ್ಣಾರ, ಟೇಬಲ್ ಖಾಲಿ ಅದಾವಲ್ಲ, ಯಾಕ ಲೇಟ್ ಅಂತಾರ ಜನ. ಟೇಬಲ್ ಖಾಲಿ ಇರ್ತಾವ್ರಿ, ಅಡಿಗಿ ಮನಿ ಖಾಲಿ ಇರಂಗಿಲ್ಲ.' ಆ್ಯಪ್‌ನಲ್ಲಿ ಬರುವ ಆರ್ಡರುಗಳು ಅದೇ ಒಲೆಗೆ ಬರ್ತವೆ. ನಿಮ್ಮ ಮುಂದೆ ಕ್ಯೂನಲ್ಲಿ ಇಪ್ಪತ್ತು ಜನ ಇದ್ದಾರೆ, ಆದರೆ ಅವರು ಹೋಟೆಲಲ್ಲಿ ಇಲ್ಲ, ತಮ್ಮ ತಮ್ಮ ಮನೆ ಸೋಫಾ ಮೇಲೆ ಇದ್ದಾರೆ. ನಿಮ್ಮ ಕಣ್ಣಿಗೆ ಕಾಣೋದು ಖಾಲಿ ಕುರ್ಚಿ ಮತ್ತು ಓಡಾಡ್ತಾ ಇರುವ ಸಪ್ಲೈಯರ್. ಸೋಮಾರಿ ಅಂತ ತೀರ್ಮಾನ ಆಗಿಬಿಡತ್ತೆ.

ರಿವ್ಯೂ ಬರೆದ ಮೇಲೆ ಏನಾಗತ್ತೆ ಅಂತನೂ ಕೇಳಿದೆ. 'ಮುಂಜಾನಿ ಮ್ಯಾನೇಜರ್ ಎಲ್ಲಾರ್ನೂ ನಿಂದ್ರಸಿ ಫೋನ್ ನೋಡಿ ಓದ್ತಾರ್ರಿ. ಹೆಸರು ಇದ್ರ ಹೆಸರು ಹಿಡದು ಕೇಳ್ತಾರ. ಇರಲಿಲ್ಲಂದ್ರ ಆ ಟೇಬಲ್ ಯಾರದು ಅಂತ ನೋಡ್ತಾರ. ಸ್ಟಾರ್ ಕೊಟ್ಟೋರು ಉಂಡು ಹೋಗ್ತಾರ, ನಾವು ಇಲ್ಲೇ ಇರಬೇಕಲ್ರಿ.' ಅವನ ಧ್ವನಿಯಲ್ಲಿ ದೂರು ಇರಲಿಲ್ಲ. ಮಳೆ ಯಾವಾಗ ಬರತ್ತೆ ಅಂತ ಹೇಳುವ ಹಾಗೆ ಹೇಳಿದ.

ಹಾಗಾದ್ರೆ ನಮಗೆ ತಾಳ್ಮೆನೇ ಇಲ್ವಾ? ಇದೆ, ಬೇಕಾದಷ್ಟಿದೆ. ಅದಕ್ಕೆ ಸಾಕ್ಷಿ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. 1943ರಲ್ಲಿ ಶುರುವಾದ ಹೋಟೆಲು. ಭಾನುವಾರ ಬೆಳಗ್ಗೆ ಅಲ್ಲಿ ಹೆಸರು ಬರೆಸಿ ಫುಟ್‌ಪಾತ್ ಮೇಲೆ ನಿಂತವರನ್ನ ನೋಡಿ. ಅರ್ಧ ಗಂಟೆ, ಮುಕ್ಕಾಲು ಗಂಟೆ ನಗ್ತಾ ನಿಂತಿರ್ತಾರೆ. ಒಳಗೆ ಹೋದ ಮೇಲೂ ಕಾಯಬೇಕು. ದೋಸೆ ಕಾವಲಿಯಿಂದ ಒಟ್ಟೊಟ್ಟಿಗೆ ಇಳಿಯತ್ತೆ, ಪಂಚೆ ಉಟ್ಟ ಸಪ್ಲೈಯರ್ ಹತ್ತಕ್ಕೂ ಹೆಚ್ಚು ತಟ್ಟೆಗಳನ್ನ ಒಂದರ ಮೇಲೊಂದು ಪೇರಿಸಿ ತೋಳುದ್ದಕ್ಕೂ ಹೊತ್ತು ತರ್ತಾರೆ. ನಾವು ಫೋನ್ ತೆಗೆದು ಫೋಟೊ ಹೊಡೀತೀವಿ.

ಅದೇ ಮುಕ್ಕಾಲು ಗಂಟೆ ಬೇರೆ ಕಡೆ ಆದರೆ ಒಂದು ಸ್ಟಾರ್. ವಿದ್ಯಾರ್ಥಿ ಭವನದಲ್ಲಿ ಆದರೆ ಅದು ಪರಂಪರೆ, ಅನುಭವ, ಬೆಂಗಳೂರಿನ ಆತ್ಮ. ನಾನು ಆ ಹೋಟೆಲಿನ ಬಗ್ಗೆ ದೂರ್ತಾ ಇಲ್ಲ. ರಶ್ ಅನ್ನೋದನ್ನ ಹೇಗೆ ನಿಭಾಯಿಸಬೇಕು ಅನ್ನೋದಕ್ಕೆ ಅದೊಂದು ಪಾಠ. ಮೆನು ಚಿಕ್ಕದು, ಕೆಲಸ ಬಲ್ಲವರು, ಅಡುಗೆಮನೆ ಕೊಡುವ ವೇಗಕ್ಕೆ ತಕ್ಕ ಹಾಗೆ ಬಡಿಸುವ ಕ್ರಮ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲೂ ಹಾಗೇ, ಹೆಸರು ಕೊಟ್ಟು ಕಾಯೋದು ಊಟದ ಒಂದು ಭಾಗ ಅಂತಲೇ ಜನ ಒಪ್ಪಿಕೊಂಡಿದ್ದಾರೆ. ಎಂಟಿಆರ್‌ಗೆ ಸೋಮವಾರ, ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ವಾರದ ರಜೆ ಅನ್ನೋದನ್ನೂ ಬಹುಕಾಲದಿಂದ ಒಪ್ಪಿಕೊಂಡಿದ್ದಾರೆ. ಬಾಗಿಲಿಗೆ ಹೋಗಿ 'ಓ, ಇವತ್ತು ರಜೆ ಅಲ್ವಾ' ಅಂತ ವಾಪಸ್ ಬಂದವರು ಒಂದು ಸ್ಟಾರ್ ಕೊಡಲ್ಲ.

ಅಂದರೆ ತಾಳ್ಮೆ ನಮ್ಮ ಜೇಬಲ್ಲೇ ಇರತ್ತೆ. ಯಾರಿಗೆ ಖರ್ಚು ಮಾಡಬೇಕು ಅನ್ನೋದನ್ನ ನಾವು ಆರಿಸ್ತೀವಿ. ಹೆಸರಾದ ಹೋಟೆಲಿನ ಸಪ್ಲೈಯರ್ ನಮಗೆ ಕಲಾವಿದ. ಹೆಸರಿಲ್ಲದ ಹೋಟೆಲಿನ ಸಪ್ಲೈಯರ್ ಅದೇ ಕೆಲಸ ಮಾಡಿದರೆ 'ಏಯ್, ಎಷ್ಟೊತ್ತು ಮಾರಾಯಾ'. ವಿಮರ್ಶೆ ಅನ್ನೋ ಪ್ರಕಾರದ ದೊಡ್ಡ ದೋಷ ಇಲ್ಲೇ ಇದೆ ಅಂತ ನನಗನ್ಸತ್ತೆ. ನಾವು ಕೆಲಸವನ್ನ ಅಳೀತಿಲ್ಲ, ಬೋರ್ಡನ್ನ ನೋಡಿ ಗೌರವ ಕೊಡ್ತಿದ್ದೀವಿ.

ಬೋರ್ಡ್ ಅಂದಾಗ ಎಂಟಿಆರ್‌ದೇ ಇನ್ನೊಂದು ವಿಷಯ ನೆನಪಾಗತ್ತೆ. ತುರ್ತು ಪರಿಸ್ಥಿತಿ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ಕಡಿಮೆ ದರ ಗೊತ್ತುಮಾಡಿದಾಗ, ಎಂಟಿಆರ್ ಗುಣಮಟ್ಟ ಇಳಿಸದೆ, ದಿನದಿನದ ನಷ್ಟ ಎಷ್ಟು ಅಂತ ಹೊರಗಡೆ ಬರೆದು ಹಾಕ್ತಿತ್ತಂತೆ. ಮಾಲೀಕರಿಗೆ ತಮ್ಮ ಕಷ್ಟ ಹೇಳಿಕೊಳ್ಳೋದಕ್ಕೆ ಗೋಡೆ ಇದೆ. 'ಇವತ್ತು ಇಬ್ಬರು ರಜೆ, ಆರು ಟೇಬಲ್ ಜಾಗದಲ್ಲಿ ಹನ್ನೊಂದು ಟೇಬಲ್ ನೋಡ್ತಿದ್ದೀನಿ, ಬೆಳಗ್ಗೆ ಆರರಿಂದ ನಿಂತಿದ್ದೀನಿ' ಅಂತ ಒಬ್ಬ ಸಪ್ಲೈಯರ್ ಎಲ್ಲಿ ಬರೆದು ಹಾಕಬೇಕು? ಅವನ ಬಗ್ಗೆ ನಾವು ಬರೀಬಹುದು, ನಮ್ಮ ಬಗ್ಗೆ ಅವನು ಬರೆಯೋ ಹಾಗಿಲ್ಲ. ಒಂದೇ ಕಡೆಯಿಂದ ನಡೆಯುವ ವಿಮರ್ಶೆ ಇದು.

ಇಲ್ಲಿಗೆ ಬಂದಾಗ 'ನಮ್ಮ ಹಳ್ಳಿ ಕಡೆ ಹಿಂಗಿರಲಿಲ್ಲಪ್ಪ' ಅಂತ ನಾನು ಹೇಳಬೇಕು ಅಂತ ನೀವು ಕಾಯ್ತಿರಬಹುದು. ಅರ್ಧ ಹೇಳ್ತೀನಿ. ನಮ್ಮ ಕಡೆ ಊಟ 'ಬಡಿಸು' ಅನ್ನಲ್ಲ, 'ನೀಡು' ಅಂತೀವಿ. 'ಇನ್ನೊಂದು ರೊಟ್ಟಿ ನೀಡು', 'ಪಲ್ಯ ನೀಡ್ರಿ'. ಮದುವೆಯಲ್ಲಿ, ಜಾತ್ರೆಯ ದಾಸೋಹದಲ್ಲಿ ನೀಡೋರು ಓಣಿಯ ಹುಡುಗರೇ. ಸಾಲು ಸಾಲು ಜನ ಕೂತಾಗ ಬುಟ್ಟಿ ಹಿಡಿದು ಬಗ್ಗಿ ಬಗ್ಗಿ ನಡ ಬಿದ್ದು ಹೋಗಿರತ್ತೆ. ಕೊನೇ ಪಂಕ್ತಿ ಎದ್ದ ಮೇಲೆ ಯಾರಾದ್ರೂ ಹಿರಿಯರು 'ನೀಡೋರು ಉಂಡ್ರೇನು?' ಅಂತ ಕೇಳೇ ಕೇಳ್ತಾರೆ. ಹಾಗೆ ಕೇಳದ ಮನೆಯ ಮದುವೆಗೆ ಹೆಸರು ಬರಲ್ಲ. ಕೊಡೋದು ಅನ್ನುವ ಅರ್ಥದ ಪದದಿಂದ ಊಟದ ಕೆಲಸವನ್ನ ಕರೆದಾಗ, ಆ ಕೆಲಸ ಮಾಡೋನು ಕೊಡೋನಾಗ್ತಾನೆ.

ಇನ್ನರ್ಧ ಹೇಳದಿದ್ರೆ ಸುಳ್ಳಾಗತ್ತೆ. ಯಾರು ನೀಡಬಹುದು, ಯಾರು ಯಾವ ಸಾಲಿನಲ್ಲಿ ಕೂರಬೇಕು, ಯಾರು ಹೊರಗೆ ಕೂರಬೇಕು ಅನ್ನೋದನ್ನ ಜಾತಿ ನೋಡಿ ಗೊತ್ತುಮಾಡಿದ್ದೂ ಅದೇ ಹಳ್ಳಿಗಳು. ಹೈದರಾಬಾದ್ ಕರ್ನಾಟಕದ ಎಷ್ಟೋ ಹಳ್ಳಿ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ, ಕುಡಿದ ಲೋಟ ತಾವೇ ತೊಳೆದಿಡಬೇಕು ಅನ್ನೋ ಪದ್ಧತಿ ಇತ್ತು. ಪೂರ್ತಿ ಹೋಗಿದೆ ಅಂತ ಎದೆ ಮುಟ್ಟಿ ಹೇಳೋ ಹಾಗಿಲ್ಲ. ನಮ್ಮ ಸಂವಿಧಾನ ಬರೆದವರಿಗೆ ಇದು ಎಷ್ಟು ಚೆನ್ನಾಗಿ ಗೊತ್ತಿತ್ತು ಅಂದರೆ, ತಾರತಮ್ಯ ಬೇಡ ಅನ್ನುವ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಹೋಟೆಲಿನ ಬಾಗಿಲು ನಮ್ಮೆಲ್ಲರಿಗೂ ತೆರೆದದ್ದು ಸುಮ್ಮನೆ ಅಲ್ಲ.

ಆ ಲೆಕ್ಕದಲ್ಲಿ ಬೆಂಗಳೂರಿನ ದರ್ಶಿನಿಗಳು ಮಾಡಿದ ಉಪಕಾರ ದೊಡ್ಡದು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಅಂತ ಶುರುವಾಗಿ ಊರೆಲ್ಲ ಹಬ್ಬಿದ ಪದ್ಧತಿ. ದುಡ್ಡು ಕೊಡು, ಟೋಕನ್ ತಗೊ, ನೀನೇ ತಟ್ಟೆ ತಗೊ, ನಿಂತು ತಿನ್ನು, ಹೋಗು. ಯಾರ ಮನೆಯವನು ಅಂತ ಕೇಳಲ್ಲ, ಎಲ್ಲರಿಗೂ ಒಂದೇ ಸ್ಟೀಲ್ ಲೋಟ. ಹಳ್ಳಿಯಿಂದ ಬಂದ ಹೊಸದರಲ್ಲಿ ಮೆನು ಕಾರ್ಡಿಗೆ, ಸೂಟು ಹಾಕಿದ ಸಪ್ಲೈಯರ್‌ಗೆ ಹೆದರುವ ನನ್ನಂಥವರಿಗೆ ದರ್ಶಿನಿ ಕೌಂಟರು ತವರುಮನೆ.

ಆದರೆ ದರ್ಶಿನಿಯನ್ನೂ ವಿಮರ್ಶೆ ಮಾಡಲೇಬೇಕು. ಅಲ್ಲಿ ಸಪ್ಲೈಯರ್ ಇಲ್ಲ ಅಂತ ನಾವು ಅಂದುಕೊಂಡಿದ್ದೀವಿ. ಇಲ್ಲದೆ ಏನು? ನೀವು ತಿಂದಿಟ್ಟ ತಟ್ಟೆ ಎರಡು ನಿಮಿಷದಲ್ಲಿ ಮಾಯ ಆಗತ್ತಲ್ಲ, ಚೆಲ್ಲಿದ ಸಾಂಬಾರಿನ ಮೇಲೆ ಒಂದು ಕೈ ಓಡಾಡಿ ಹೋಗತ್ತಲ್ಲ, ಆ ಕೈ ಯಾರದು? ಹೆಚ್ಚಿನ ಕಡೆ ನಮ್ಮ ಅಮ್ಮಂದಿರ ವಯಸ್ಸಿನ ಒಬ್ಬರು. ರಶ್ ಟೈಮಿನಲ್ಲಿ ಅವರು ಟೇಬಲ್ ಒರೆಸುವಾಗ ನಾವು ಮೊಣಕೈ ಎತ್ತಿ ಜಾಗ ಕೊಡ್ತೀವಿ, ಮಾತು ನಿಲ್ಲಿಸಲ್ಲ, ಮುಖ ನೋಡಲ್ಲ. ಸೆಲ್ಫ್ ಸರ್ವಿಸ್ ಅಂದರೆ ಸೇವೆ ಮಾಡೋರು ಇಲ್ಲ ಅಂತಲ್ಲ, ನಮ್ಮ ಜೊತೆ ಮಾತಾಡೋ ಅವಕಾಶ ಇದ್ದವರು ಇಲ್ಲ ಅಂತ ಅಷ್ಟೇ.

ಹಾಗಿದ್ರೆ ಬಡಿಸೋನು ತಲೆ ಎತ್ತಿ ನಿಲ್ಲುವ ಹೋಟೆಲ್ ಇದೆಯಾ? ಒಂದಿದೆ, ಚರ್ಚ್ ಸ್ಟ್ರೀಟ್‌ನಲ್ಲಿ. ಇಂಡಿಯನ್ ಕಾಫಿ ಹೌಸ್. 1950ರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸ್‌ಗಳನ್ನ ಮುಚ್ಚೋದಕ್ಕೆ ಹೊರಟಾಗ ಅಲ್ಲಿನ ಕೆಲಸಗಾರರು ಬೀದಿಗೆ ಬೀಳೋ ಹಾಗಾಯ್ತು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆನ್ನಿಗೆ ನಿಂತರು. ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಸಂಘಗಳಲ್ಲಿ ಮೊದಲನೆಯದು ಹುಟ್ಟಿದ್ದು ಇದೇ ಬೆಂಗಳೂರಿನಲ್ಲಿ, 1957ರ ಆಗಸ್ಟಿನಲ್ಲಿ. ಎಂಜಿ ರಸ್ತೆಯಲ್ಲಿ ದಶಕಗಟ್ಟಲೆ ಇದ್ದ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟ್‌ಗೆ ಬಂತು.

ಅಲ್ಲಿ ಬಿಳಿ ಬಟ್ಟೆ, ಪೇಟ, ನಡುಪಟ್ಟಿ ಕಟ್ಟಿಕೊಂಡು ಕಾಫಿ ತರುವವರು ಸಂಘದ ಕಾರ್ಮಿಕರು. 'ನಿಮ್ಮ ಓನರ್ ಕರೀರಿ' ಅಂತ ಜೋರು ಮಾಡಿದರೆ ಅಲ್ಲಿ ಆ ಮಾತಿಗೆ ಅರ್ಥವೇ ಇಲ್ಲ. ಕಾಫಿ ಹೌಸ್ ಬಗ್ಗೆ ಬರೆಯೋರು ಅಲ್ಲಿನ ಸಪ್ಲೈಯರ್‌ಗಳ ಗತ್ತಿನ ಬಗ್ಗೆ ಬರೀತಾರೆ, ಕೆಲವರು ಪ್ರೀತಿಯಿಂದ, ಕೆಲವರು ಮುನಿಸಿನಿಂದ. ನನಗೆ ಅನ್ಸೋದು, ಅದು ಗತ್ತಲ್ಲ. ನಾವು ಬೇರೆ ಕಡೆ ನೋಡಿ ಅಭ್ಯಾಸ ಆಗಿರೋದು ಹೆದರಿಕೆಯನ್ನ. ಹೆದರಿಕೆ ಇಲ್ಲದ ಸಪ್ಲೈಯರ್‌ನ ನೋಡಿದಾಗ ನಮಗದು ಅಟಿಟ್ಯೂಡ್ ಥರ ಕಾಣತ್ತೆ.

ಎಲ್ಲಾ ಹೋಟೆಲೂ ಸಹಕಾರ ಸಂಘ ಆಗಲ್ಲ, ಸರಿ. ಆದರೆ ನಮ್ಮ ಕೈಯಲ್ಲಿ ಒಂದು ಅಳತೆಗೋಲು ಈಗಾಗಲೇ ಇದೆ, ಅದನ್ನ ನಾವು ಆಫೀಸಿನಲ್ಲಿ ಬಿಟ್ಟು ಊಟಕ್ಕೆ ಹೋಗ್ತೀವಿ. ಪ್ರೊಡಕ್ಷನ್ ಬಿದ್ದು ಹೋದಾಗ ನಮ್ಮಲ್ಲಿ ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್ ಮಾಡ್ತಾರೆ. 'ಯಾರು' ಅಂತ ಕೇಳಬೇಡಿ, 'ಯಾಕೆ' ಅಂತ ಕೇಳಿ. ಗೂಗಲ್‌ನವರು 2016ರಲ್ಲಿ ತಂದ ಎಸ್‌ಆರ್‌ಇ ಪುಸ್ತಕದಲ್ಲಿ ಇದಕ್ಕೇ ಒಂದು ಅಧ್ಯಾಯ ಇದೆ. ಒಬ್ಬ ಎಂಜಿನಿಯರ್ ತಪ್ಪು ಬಟನ್ ಒತ್ತಿದರೂ, ಅಂಥ ಬಟನ್ ಅಲ್ಲಿ ಯಾಕಿತ್ತು ಅಂತ ಕೇಳೋದು ನಮ್ಮ ಸಂಸ್ಕೃತಿ ಅಂತೀವಿ. ಅದೇ ಮೀಟಿಂಗ್ ಮುಗಿಸಿ ಒಂದೂಕಾಲಿಗೆ ಹೋಟೆಲಿಗೆ ಹೋಗಿ, ಪನೀರ್ ಬದಲು ಗೋಬಿ ಬಂದರೆ, ಎದೆಯ ಮೇಲಿನ ನೇಮ್ ಬ್ಯಾಡ್ಜ್ ಓದಿ ಹೆಸರು ಹಾಕಿ ಒಂದು ಸ್ಟಾರ್ ಒತ್ತುತೀವಿ.

ಕಾನೂನಿನಲ್ಲೂ ನಾವೂ ಅವರೂ ಅಷ್ಟು ದೂರ ಇಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ ಅಂತ 1961ರ ಕಾಯ್ದೆ ಇದೆ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಅನ್ನುವ ಮಿತಿ ಅದರಲ್ಲಿದೆ. 2024ರ ಜುಲೈನಲ್ಲಿ ಐಟಿಯವರ ಕೆಲಸದ ಹೊತ್ತನ್ನ ದಿನಕ್ಕೆ 14 ಗಂಟೆವರೆಗೆ ಹಿಗ್ಗಿಸುವ ಪ್ರಸ್ತಾಪದ ಸುದ್ದಿ ಬಂದಾಗ ನಾವೆಲ್ಲ ಎಷ್ಟು ಕೂಗಾಡಿದೆವು ನೆನಪಿದೆಯಾ? ಕೂಗಾಡಿದ್ದು ಸರಿ. ಆದರೆ ಆ ಒಂಬತ್ತು ಗಂಟೆಯ ಕಾಯ್ದೆ ಹೋಟೆಲಿಗೂ ಅನ್ವಯಿಸತ್ತೆ. ನಾವು ಬೆಳಗ್ಗೆ ಎಂಟಕ್ಕೆ ಇಡ್ಲಿ ತಿನ್ನುವಾಗ ಇದ್ದ ಅದೇ ಮುಖ ರಾತ್ರಿ ಹತ್ತಕ್ಕೆ ಚಪಾತಿ ತಂದುಕೊಟ್ಟರೆ ನಮ್ಮಲ್ಲಿ ಎಷ್ಟು ಜನಕ್ಕೆ ಆ ಲೆಕ್ಕ ತಲೆಗೆ ಬರತ್ತೆ?

ದುಡ್ಡಿನ ಮಾತೂ ಬರಲಿ. ಸರ್ವಿಸ್ ಚಾರ್ಜನ್ನ ಬಿಲ್ಲಿಗೆ ತಾನಾಗಿ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನ ಎತ್ತಿಹಿಡಿಯಿತು. ಗ್ರಾಹಕನಾಗಿ ನನಗೂ ಖುಷಿ. ಬಲವಂತದ ಟಿಪ್ಪು ಟಿಪ್ಪಲ್ಲ. ಆದರೆ 'ಇದನ್ನ ತೆಗೀರಿ' ಅಂತ ಬಿಲ್ಲಿನಿಂದ ತೆಗೆಸಿದ ಮೇಲೆ, ಉಳಿದ ನೂರು ರೂಪಾಯಿಯಲ್ಲಿ ಐವತ್ತಾದರೂ ಆ ಕೈಗೆ ಕೊಟ್ಟವರು ಎಷ್ಟು ಜನ? ಎಲ್ಲಾ ಯುಪಿಐ ಆದ ಮೇಲೆ ಚಿಲ್ಲರೆ ಬಿಟ್ಟು ಏಳುವ ಅಭ್ಯಾಸವೂ ಹೋಯ್ತು. ಜೇಬಿನಲ್ಲಿ ಹತ್ತು ಇಪ್ಪತ್ತರ ನಾಲ್ಕು ನೋಟು ಇಟ್ಟುಕೊಳ್ಳೋದು ಕಷ್ಟದ ಕೆಲಸ ಅಲ್ಲ.

'ಸರಿ ಮಾರಾಯಾ, ಆದರೆ ನಾನು ದುಡ್ಡು ಕೊಡ್ತೀನಿ. ನನಗಿರೋದು ಮುಕ್ಕಾಲು ಗಂಟೆ ಬ್ರೇಕು. ಒರಟಾಗಿ ಮಾತಾಡುವ ಸಪ್ಲೈಯರ್‌ಗಳೂ ಇದ್ದಾರೆ. ನಾನು ದೂರಲೇಬಾರದಾ?' ಇದು ನ್ಯಾಯವಾದ ಪ್ರಶ್ನೆ. ದೂರಬೇಕು. ತಣ್ಣಗಿನ ಸಾಂಬಾರ್ ವಾಪಸ್ ಕಳಿಸಬೇಕು, ತಪ್ಪು ಬಿಲ್ ತಿದ್ದಿಸಬೇಕು, ಬೈದರೆ ಯಾಕೆ ಬೈದ್ರಿ ಅಂತ ಕೇಳಬೇಕು. ನನ್ನ ತಕರಾರು ದೂರಿನ ವಿಳಾಸದ ಬಗ್ಗೆ. ಹನ್ನೊಂದು ಟೇಬಲ್ಲಿಗೆ ಒಬ್ಬನನ್ನ ನಿಲ್ಲಿಸಿದ್ದು ಯಾರು? ಒಲೆ ಸಾಲದು ಅಂತ ಗೊತ್ತಿದ್ದೂ ಆ್ಯಪ್ ಆರ್ಡರ್ ನಿಲ್ಲಿಸದೆ ಇದ್ದದ್ದು ಯಾರು? ಅವರಿಗೆ ಹೇಳಿ. ಗಲ್ಲಾ ಹತ್ತಿರ ಹೋಗಿ, 'ಜನ ಸಾಲ್ತಾ ಇಲ್ಲ ನಿಮ್ಮಲ್ಲಿ, ಅವರೊಬ್ರೇ ಓಡಾಡ್ತಿದ್ದಾರೆ' ಅಂತ ಅಂದು ನೋಡಿ. ಅದು ದೂರೂ ಹೌದು, ಆ ಸಪ್ಲೈಯರ್ ತಾನೇ ಹೇಳೋಕಾಗದ ಮಾತೂ ಹೌದು. ರಿವ್ಯೂ ಬರೆಯೋದಾದ್ರೆ ಹೊತ್ತು ಬರೀರಿ, ಎಷ್ಟು ಜನ ಇದ್ದರು ಬರೀರಿ, ಎಷ್ಟು ಜನ ಬಡಿಸ್ತಿದ್ದರು ಬರೀರಿ. ಕಡಿಮೆ ಸ್ಟಾರ್ ಕೊಡುವಾಗ ಹೆಸರು ಬೇಡ. ಐದು ಕೊಡುವಾಗ ಹೆಸರು ಹಾಕಿ. ದೂರು ಮೇಲಕ್ಕೆ ಹತ್ತಲಿ, ಹೊಗಳಿಕೆ ಕೆಳಗಿಳೀಲಿ.

ಇನ್ನು ಟೇಬಲ್ಲಿನ ಮೇಲಿನ ನಡವಳಿಕೆ. ಮಾನ್ವಿಯ ಹುಡುಗ ನಗ್ತಾ ಹೇಳಿದ ಮಾತುಗಳಿಂದಲೇ ಕಲಿತದ್ದು ಇದು. ಕರೆದ ಮೇಲೆ ಮೆನು ನೋಡೋಕೆ ಶುರು ಮಾಡಬೇಡಿ, ನೋಡಿದ ಮೇಲೆ ಕರೀರಿ. ಎಂಟು ಜನ ಹೋದರೆ ಒಬ್ಬರು ಎಲ್ಲರ ಆರ್ಡರ್ ಒಟ್ಟಿಗೆ ಹೇಳಿ. ನೀರು ಒಂದು ಸಲ, ಚಟ್ನಿ ಒಂದು ಸಲ, ಸ್ಪೂನ್ ಒಂದು ಸಲ ಅಂತ ಅಡುಗೆಮನೆಗೆ ಮೂರು ಸಲ ಓಡಿಸೋ ಬದಲು ಮೂರನ್ನೂ ಒಂದೇ ಸಲ ಕೇಳಿ. ಎಂಟು ಬಿಲ್ ಮಾಡಿಸಬೇಡಿ, ಒಬ್ಬರು ಕೊಟ್ಟು ಆಮೇಲೆ ಹಂಚಿಕೊಳ್ಳಿ, ಅದಕ್ಕೆ ನಮ್ಮ ಫೋನಲ್ಲೇ ಆ್ಯಪ್ ಇದೆ. ಹಿಂದೆ ಜನ ನಿಂತಿರುವಾಗ ಕಾಫಿ ಮುಗಿಸಿ ಅಪ್ರೈಸಲ್ ಪುರಾಣ ಬಿಚ್ಚಬೇಡಿ. ಸಾಧ್ಯ ಆದರೆ ಹನ್ನೆರಡೂಕಾಲಿಗೆ ಹೋಗಿ, ಇಲ್ಲಾ ಎರಡರ ಮೇಲೆ. ನೀವು ಪೀಕ್‌ನಿಂದ ಹೊರಗೆ ಬಂದರೆ ಎಷ್ಟು ಜನರ ಕಾಯುವ ಹೊತ್ತು ಇಳಿಯತ್ತೆ ಅಂತ ಮೇಲಿನ ಲೆಕ್ಕದಲ್ಲಿ ನೋಡಿದ್ದೀರಿ.

ಕರೆಯೋದು ಹೇಗೆ ಅನ್ನೋದೂ ಇದೆ. ಚಿಟಿಕೆ ಹೊಡೆಯೋದು, ಟೇಬಲ್ ಕುಟ್ಟೋದು, 'ಶ್ ಶ್' ಅನ್ನೋದು, ಇವು ಯಾವ ಭಾಷೆಯಲ್ಲೂ ಕರೆಯೋದಲ್ಲ. ಕರಾವಳಿಯ ಹೋಟೆಲುಗಳ ಕಾಲದಲ್ಲಿ 'ಮಾಣಿ' ಅಂತಿದ್ದರು. ಅದರ ಅರ್ಥ ಹುಡುಗ ಅಂತ. ಆಗ ನಿಜವಾಗಿ ಹುಡುಗರೇ ಇರ್ತಿದ್ದರು, ಶಾಲೆ ಬಿಟ್ಟು ಬಂದ ಮಕ್ಕಳು. ಆ ಕಾಲ ಹೋಗಲಿ. ಈಗ ನಲವತ್ತು ದಾಟಿದವರನ್ನ 'ಏ ಹುಡ್ಗಾ' ಅಂತ ಕರೆದರೆ ಎಳೆಯದಾಗೋದು ನಮ್ಮ ಬುದ್ಧಿ. ಅಣ್ಣಾ ಅನ್ನಿ, ಅಕ್ಕಾ ಅನ್ನಿ, ಸಣ್ಣವರಿದ್ರೆ ನಮ್ಮ ಕಡೆ ಅನ್ನೋ ಹಾಗೆ ತಮ್ಮಾ ಅನ್ನಿ. ಏನೂ ತೋಚದಿದ್ರೆ 'ಸ್ವಲ್ಪ ಇಲ್ಲಿ ಬರ್ತೀರಾ' ಅಂದರೂ ಸಾಕು.

ಮತ್ತೆ ಮಧ್ಯಾಹ್ನ ಮೂರರ ಮೇಲೆ ಹೋಟೆಲಿಗೆ ಹೋದರೆ, ಜನ ಕರಗಿ ಫ್ಯಾನಿನ ಸದ್ದು ಕೇಳಿಸುವ ಆ ಹೊತ್ತಿನಲ್ಲಿ, ಬಿಲ್ ಕೊಡುವಾಗ ಒಂದು ಮಾತು ಕೇಳಿ ನೋಡಿ: 'ನಿಮ್ಮ ಊಟ ಆಯ್ತಾ?' ಯಾವ ಸ್ಟಾರೂ ಬೇಕಾಗಲ್ಲ ಇದಕ್ಕೆ. ಉತ್ತರ ಬಹಳ ಸಲ 'ಇಲ್ಲ, ಇನ್ನು ಮೇಲೆ' ಅಂತಲೇ ಇರತ್ತೆ. ಆ ಉತ್ತರ ಕೇಳಿದ ಮೇಲೆ ನೀವು ಬರೆಯೋ ಮುಂದಿನ ರಿವ್ಯೂ ಬೇರೆ ಥರ ಇರತ್ತೆ.